ದ್ಯಾಮವ್ವನ ಎತ್ತರ

ನಮ್ಮ ಊರಿನ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನಾನು ಎತ್ತರ ಓದುವ ಕೆಲಸ ಮಾಡುತ್ತೇನೆ. ಹನ್ನೊಂದು ವರ್ಷವಾಯಿತು. ಅದಕ್ಕೆ ಮೊದಲು ಊರಿನ ದಿನಪತ್ರಿಕೆಯಲ್ಲಿ ವರದಿಗಾರ್ತಿಯಾಗಿದ್ದೆ. ಪತ್ರಿಕೆ ನಿಂತುಹೋದಾಗ ಆಸ್ಪತ್ರೆಯ ಸಮಿತಿಯವರು ಕರೆದು, ಕಂಡದ್ದನ್ನು ಕಂಡ ಹಾಗೆ ಬರೆಯುವವರು ಬೇಕು ಎಂದರು. ಕೆಲಸ ಸರಳ. ರೋಗಿ ಬಾಗಿಲು ದಾಟಿದ ಕೂಡಲೇ ಮೈಮೇಲಿನ ಭಾರವನ್ನೆಲ್ಲ ಇಳಿಸಿ, ಉದ್ದನೆಯ ಅಳತೆಕೋಲು ಹಿಡಿದು, ಅವರು ನೆಲದಿಂದ ಎಷ್ಟು ಮೇಲಿದ್ದಾರೆ ಎಂದು ನೋಡಬೇಕು. ದೇಹದ ಅತಿ ಕೆಳಗಿನ ಭಾಗದಿಂದ ನೆಲದವರೆಗಿನ ಅಂತರ. ಸೆರಗು, ಲುಂಗಿ, ಜಡೆ ಲೆಕ್ಕಕ್ಕಿಲ್ಲ. ಎರಡು ಸಲ ಗಟ್ಟಿಯಾಗಿ ಓದಿ ಒಂದು ಸಲ ಬರೆಯಬೇಕು. ಹೆಚ್ಚು ಎತ್ತರದಲ್ಲಿರುವವರನ್ನು ಡಾಕ್ಟರು ಮೊದಲು ನೋಡುತ್ತಾರೆ.

ಆಸ್ಪತ್ರೆ ಇರುವುದು ಹಳೆಯ ಹತ್ತಿ ಗೋದಾಮಿನಲ್ಲಿ. ಊರವರು ಸೇರಿ ಅದನ್ನು ಕೊಂಡದ್ದೇ ಚಾವಣಿಯ ಎತ್ತರ ನೋಡಿ. ಇಪ್ಪತ್ತೆರಡು ಅಡಿಗೆ ಗೋಡೆಯಿಂದ ಗೋಡೆಗೆ ನೂಲಿನ ಬಲೆ ಕಟ್ಟಿದೆ. ಅದರ ಮೇಲೆ ಮೂರಡಿ ಬರಿ ಗಾಳಿ, ಆಮೇಲೆ ತಗಡು. ಹಿಂದೆ ಹತ್ತಿಯ ಅಂಡಿಗೆಗಳನ್ನು ಎತ್ತುತ್ತಿದ್ದ ರಾಟೆಗಳಲ್ಲಿ ಈಗ ಸಲೈನ್ ಬಾಟಲಿಗಳು ತೂಗುತ್ತವೆ, ಏಕೆಂದರೆ ರೋಗಿ ಎಲ್ಲಿದ್ದರೂ ಬಾಟಲಿ ಅವರಿಗಿಂತ ಮೇಲಿರಬೇಕು. ಡಾಕ್ಟರು, ನರ್ಸುಗಳು ಹಳಿಯ ಮೇಲೆ ಸರಿಯುವ ಏಣಿ ಹತ್ತಿ ಕೆಲಸ ಮಾಡುತ್ತಾರೆ. ಎಷ್ಟು ತೊಳೆದರೂ ತೊಲೆಗಳ ಸಂದಿನಿಂದ ಇವತ್ತಿಗೂ ಹತ್ತಿಯ ಎಳೆ ಉದುರುತ್ತದೆ. ಮೇಲಿನ ಕಿಟಕಿಗಳಿಂದ ಬಿಸಿಲು ಬೀಳುವ ಹೊತ್ತಿಗೆ ಆ ಎಳೆಗಳೂ ರೋಗಿಗಳೂ ಒಂದೇ ನಿಧಾನದಲ್ಲಿ ತೇಲುತ್ತಿರುತ್ತಾರೆ, ಸೆರಗುಗಳು ಇಳಿಬಿದ್ದಿರುತ್ತವೆ, ಕೆಳಗೆ ನಡೆಯುವವರು ಅವುಗಳನ್ನು ಕೈಯಿಂದ ಸರಿಸಿಕೊಂಡು ದಾರಿ ಮಾಡಿಕೊಳ್ಳುತ್ತಾರೆ. ಮೇಲಿದ್ದವರು ಹೆಚ್ಚಾಗಿ ಶಾಂತವಾಗಿರುತ್ತಾರೆ. ಅಲ್ಲಿ ಸದ್ದು ತಡವಾಗಿ ಕೇಳಿಸುತ್ತದಂತೆ, ಹತ್ತಿಯ ರಾಶಿಯ ಮೇಲೆ ಮಲಗಿದ ಹಾಗೆ ಇರುತ್ತದಂತೆ. ಇದು ಇಳಿದು ಬಂದ ಇಪ್ಪತ್ತಮೂರು ಮಂದಿಯನ್ನು ಕೇಳಿ ಬರೆದುಕೊಂಡ ಮಾತು. ನಾನು ಹೋಗಿ ನೋಡಿಲ್ಲ.

ಗುಣವಾಗುವವರು ಇಂಚು ಇಂಚಾಗಿ ಇಳಿಯುತ್ತಾರೆ. ಆಗದವರೂ ಇಳಿಯುತ್ತಾರೆ, ಆದರೆ ಒಮ್ಮೆಗೇ. ಅದಕ್ಕಾಗಿ ಬಾಗಿಲ ಪಕ್ಕ ನಾಲ್ಕು ಜನ ಹಿಡಿಯುವ ಒಂದು ಜಮಖಾನ ಮಡಚಿ ಇಟ್ಟಿರುತ್ತೇವೆ.

ಹೊರಗಿನಿಂದ ಬಂದವರಿಗೆ ಅರ್ಥವಾಗುವುದು ಕಷ್ಟವಾದ ಸಂಗತಿ ಒಂದೇ: ಮನುಷ್ಯರನ್ನು ಮೇಲಕ್ಕೆ ಎತ್ತುವುದು ಜೀವದ ಅಪಾಯ, ನೋವಲ್ಲ. ಚೇಳು ಕಡಿಸಿಕೊಂಡು ಬೊಬ್ಬೆ ಹೊಡೆಯುವ ಆಳು ನೆಲಕ್ಕೆ ಅಂಟಿಕೊಂಡು ಕುಳಿತಿರುತ್ತಾನೆ. ಸುಮ್ಮನೆ ನಗುತ್ತ ಬಂದವರು ಚಪ್ಪಲಿ ಬಿಟ್ಟ ಕೂಡಲೇ ಬಲೆ ಮುಟ್ಟಿದ್ದನ್ನು ನೋಡಿದ್ದೇನೆ. ಇನ್ನೊಂದು, ನಮ್ಮವರಿಗೆ ಬೀದಿಯಲ್ಲಿ ಎದ್ದು ಕಾಣುವುದು ಅವಮಾನ. ಮನೆಯಲ್ಲಿ ಯಾರಾದರೂ ಹಗುರವಾದರೆ ಮಡಿಲಲ್ಲಿ ರುಬ್ಬುಗುಂಡು ಇಡುತ್ತಾರೆ, ಸೆರಗಿಗೆ ತೂಕದ ಬಟ್ಟು ಕಟ್ಟುತ್ತಾರೆ, ಸೊಸೆಯಾದರೆ ಲಂಗದ ಅಂಚಿಗೆ ಸೀಸ ಹೊಲಿಯುತ್ತಾರೆ. ಗಾಳಿಯ ಭಯವೂ ಇದೆ. ಹನ್ನೊಂದು ಗಂಟೆಗೆ ಪಡುವಣ ಗಾಳಿ ಎದ್ದರೆ ಹಗುರಾದವರಿಗೆಂದು ಬೀದಿಯುದ್ದಕ್ಕೂ ಕಟ್ಟಿದ ಹಗ್ಗ ಹಿಡಿದುಕೊಂಡವರೂ ಜಾರಿಹೋಗುತ್ತಾರೆ. ಹಾಗಾಗಿ ನಮ್ಮ ಬಾಗಿಲಲ್ಲಿ ಭಾರದ ಕಪಾಟು ಇದೆ. 'ಏನಾದರೂ ಭಾರ ಇದೆಯೇ' ಎಂದು ಮೂರು ಸಲ ಕೇಳುವುದು ನಮ್ಮ ಕ್ರಮ. ಮೂರನೆಯ ಸಲಕ್ಕೆ ಸಾಮಾನ್ಯವಾಗಿ ನಿಜ ಬರುತ್ತದೆ.

ಆ ಸೋಮವಾರ ಹನ್ನೊಂದು ಇಪ್ಪತ್ತಕ್ಕೆ ಅರವತ್ತು ದಾಟಿದ ಒಬ್ಬ ಹೆಂಗಸು, ಐದು ವರ್ಷದ ಹುಡುಗಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಳು. ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ದ್ಯಾಮವ್ವ. ಮುಂಗೈ ತನಕ ಜೋಳದ ಹಿಟ್ಟು ಹಾಗೇ ಇತ್ತು. ಹುಡುಗಿ ಆ ಸೊಂಟಕ್ಕೆ ದೊಡ್ಡವಳಾಗಿದ್ದಳು, ಕಾಲುಗಳು ಅಜ್ಜಿಯ ಮೊಣಕಾಲಿನವರೆಗೆ ಜೋತಾಡುತ್ತಿದ್ದವು.

"ಯಾರಿಗೆ ಏನಾಗೈತಿ?" ಎಂದೆ.

"ಇಕಿಗೆ ರೀ. ಮೊಮ್ಮಗಳು. ಕಸ್ತೂರಿ ಅಂತ. ಹೊಟ್ಟಿ ನೋಯ್ತೈತಂತ."

"ನಂಗೇನೂ ಆಗಿಲ್ಲ," ಎಂದಳು ಹುಡುಗಿ.

"ಸುಮ್ನಿರ, ಬಾಯಿಬಡಕಿ. ಸೂಜಿ ಅಂದ್ರ ಅಂಜಿಕಿ ರೀ ಇದಕ್ಕ."

"ಭಾರ ಏನರ ಐತೇನು?"

"ಇಲ್ರಿ."

"ಏನೂ ಇಲ್ಲ?"

"ಇಲ್ರಿ ಯವ್ವಾ. ಇದನ್ನೊಂದು ಬಿಟ್ಟು," ಎಂದು ದ್ಯಾಮವ್ವ ಹುಡುಗಿಯ ತೊಡೆಗೆ ಚಪ್ಪರಿಸಿ ನಕ್ಕಳು. ನಾನೂ ನಕ್ಕೆ. ಮೂರನೆಯ ಸಲ ಕೇಳಲಿಲ್ಲ.

ಕ್ರಮದ ಪ್ರಕಾರ ಮಗುವನ್ನು ನೆಲಕ್ಕೆ ಇಳಿಸಿ ನಿಲ್ಲಿಸಬೇಕು. "ಇಳಿಸಿದ್ರ ಅಳತೈತಿ ರೀ, ಇಲ್ಲೇ ನೋಡ್ರಿ," ಎಂದಳು. ಅವಳ ಹಿಂದೆ ಇನ್ನಿಬ್ಬರು ಕಾಯುತ್ತಿದ್ದರು, ಒಬ್ಬ ಇಸ್ತ್ರಿ ಅಂಗಡಿಯವನು ಆಗಲೇ ಎಂಟು ಅಡಿಯಲ್ಲಿದ್ದ. ನಾನು ಹುಡುಗಿಯ ತೊಡೆಯ ಕೆಳಗೆ ಕೈ ಇಟ್ಟು ತೂಗಿ ನೋಡಿದೆ. ತುಂಬು ಭಾರ, ಹದಿನಾರು ಕಿಲೋ ಇದ್ದೀತು. ಅಪಾಯ ಇಲ್ಲದ ಮಗು. ಪುಸ್ತಕದಲ್ಲಿ ಹೀಗೆ ಬರೆದೆ: ಕಸ್ತೂರಿ, ಹೆಣ್ಣು, ಐದು, ಹೊಟ್ಟೆನೋವು, ಎತ್ತರ ಸೊನ್ನೆ, ಕಾಯಬಹುದು. ದ್ಯಾಮವ್ವನ ಹಣೆಯಲ್ಲಿ ಬೆವರು ಇತ್ತು. ಬಿಸಿಲಲ್ಲಿ ಎತ್ತಿಕೊಂಡು ಬಂದಿದ್ದಾಳೆ ಎಂದುಕೊಂಡೆ. ಅವಳ ಹೆಸರನ್ನು 'ಜೊತೆಗೆ ಬಂದವರು' ಎಂಬ ಸಾಲಿನಲ್ಲಿ ಬರೆದೆ. ಇಬ್ಬರು ಎರಡು ಬೇರೆ ಮಾತು ಹೇಳಿದಾಗ ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಬೇಕು ಎಂಬುದು ಪತ್ರಿಕೆಯಲ್ಲಿ ಮೊದಲ ವಾರ ಕಲಿಸಿದ ಪಾಠ. ಆ ಹೊತ್ತು ಅದನ್ನೂ ಮರೆತೆ.

ಇಬ್ಬರೂ ಬೆಂಚಿನ ಮೇಲೆ ಕುಳಿತರು, ಹುಡುಗಿ ಮಡಿಲಲ್ಲಿ. ಪಕ್ಕದಲ್ಲಿ ಚೇಳು ಕಡಿದ ರಾಚಪ್ಪ, ಮರಗೆಲಸದವನು, ಹೆಬ್ಬೆರಳು ಹಿಡಿದುಕೊಂಡು ಇಡೀ ಗೋದಾಮಿಗೆ ಕೇಳುವಂತೆ ಬೈಯುತ್ತಿದ್ದ.

"ಏ ಅಳತಿ ಅಕ್ಕಾ, ನನ್ನ ಮತ್ತೊಮ್ಮಿ ನೋಡಬೇ. ಒಂದ್ ಇಂಚಾದ್ರೂ ಎದ್ದೇನಿ ನಾ."

"ಎದ್ದಿಲ್ಲ ರಾಚಪ್ಪಣ್ಣ. ಬೆಂಚಿನ ಮೇಲ ಕುಂತೀ."

"ಜೀವ ಹೋಗಾಕತ್ತೈತಿ, ಇವಳು ಕೋಲು ಹಿಡಕೊಂಡು ನಿಂತಾಳ. ಮೋರೆ ನೋಡಿ ಹೇಳಾಕ ಬರಂಗಿಲ್ಲೇನು?"

"ಮೋರೆ ನೋಡಿದ್ರ ಊರಿನ ಮಂದಿನೆಲ್ಲಾ ದಾಖಲ್ ಮಾಡಬೇಕಾಗತೈತಿ," ಎಂದರು ಏಣಿಯ ಮೇಲಿಂದ ಸಿಸ್ಟರ್ ಎಸ್ತೇರಮ್ಮ. ಅವರು ಇಸ್ತ್ರಿ ಅಂಗಡಿಯವನ ತೋಳಿನಲ್ಲಿ ಸೂಜಿ ಚುಚ್ಚಲು ನರ ಹುಡುಕುತ್ತಿದ್ದರು. ಎಲ್ಲರೂ ನಕ್ಕರು. ದ್ಯಾಮವ್ವನೂ ನಕ್ಕಳು, ಆದರೆ ಎರಡೂ ಕೈಯಿಂದ ಹುಡುಗಿಯನ್ನು ಅಪ್ಪಿಕೊಂಡೇ ಇದ್ದಳು. ನಾನು ಅದನ್ನು ಪ್ರೀತಿ ಎಂದು ಓದಿದೆ. ಪ್ರೀತಿಯೂ ಇತ್ತು.

ಹನ್ನೆರಡು ಗಂಟೆ ಐದು ನಿಮಿಷ. ಕಸ್ತೂರಿ, "ಅಜ್ಜಿ, ಉಚ್ಚಿ," ಎಂದಳು. "ತಡಿ ಸ್ವಲ್ಪ," ಎಂದಳು ದ್ಯಾಮವ್ವ. "ಬಂತು ಅಜ್ಜಿ." "ತಡಿ ನನ್ನವ್ವಾ, ತಡಿ, ಹೆಸರು ಕರೀತಾರ." ಹುಡುಗಿ ತಡೆಯಲಿಲ್ಲ. ಮಡಿಲಿನಿಂದ ಜಾರಿ ಇಳಿದು, ಕಾಲು ಹೆಣೆದುಕೊಂಡು ಬಚ್ಚಲಿನತ್ತ ಓಡಿದಳು.

ನಾನು ಆಗ ಪುಸ್ತಕದ ಮೇಲೆ ಬಾಗಿದ್ದೆ. ಕೇಳಿಸಿದ್ದು ರಾಚಪ್ಪನ ಧ್ವನಿ, ಈ ಸಲ ನೋವಿಲ್ಲದ್ದು. "ಅಕ್ಕಾ, ಮುದುಕಿ ಹೊಂಟ್ಲು!"

ದ್ಯಾಮವ್ವ ಕುಳಿತ ಭಂಗಿಯಲ್ಲೇ ಎದ್ದಿದ್ದಳು. ಮೊಣಕಾಲು ಮಡಚಿಕೊಂಡೇ, ಕೈಗಳು ಮಡಿಲಲ್ಲಿ ಇನ್ನೂ ಒಂದು ಮಗು ಇದ್ದಂತೆ ಬಳಸಿಕೊಂಡೇ, ಬೆಂಚು ಬಿಟ್ಟು, ಗೋಡೆಯ ಗಡಿಯಾರ ದಾಟಿ, ಕಿಟಕಿಯ ಬಿಸಿಲು ಹಾದು, ಅವಸರವಿಲ್ಲದೆ ಮೇಲೆ ಹೋದಳು. ಅವಳ ಕೈಯ ಹಿಟ್ಟು ಪುಡಿಪುಡಿಯಾಗಿ ಕೆಳಗೆ ಉದುರಿ ರಾಚಪ್ಪನ ತಲೆಯ ಮೇಲೆ ಬಿತ್ತು. ಹದಿನೇಳು ಅಡಿ ಎರಡು ಇಂಚಿಗೆ ನಿಂತಳು. ಎರಡು ಸಲ ಓದಿದೆ. ದ್ಯಾಮವ್ವನ ಹೆಸರಿಗೆ ಹೊಸ ಸಾಲು ಬರೆದೆ.

ಡಾಕ್ಟರ್ ಪದ್ಮಾ ಹೂಗಾರ ಏಣಿ ಸರಿಸಿಕೊಂಡು ಹತ್ತಿದರು. ದ್ಯಾಮವ್ವನ ಮಾತು, ಇಸಿಜಿಯ ಪಟ್ಟಿ, ಎರಡೂ ಒಂದೇ ಸಂಗತಿ ಹೇಳಿದವು. ಹೃದಯದ ಒಂದು ನಾಳ ಕಟ್ಟಿಕೊಂಡಿತ್ತು. ಯಾವಾಗಿನಿಂದ ಎಂದು ಡಾಕ್ಟರು ಕೇಳಿದರು.

"ಮುಂಜಾನಿ ಹತ್ತಕ್ಕ ರೀ," ಎಂದಳು ದ್ಯಾಮವ್ವ. ಮೇಲಿನವರ ಮಾತಿನಂತೆ ಅವಳ ಮಾತೂ ಆಗಲೇ ನಿಧಾನವಾಗಿತ್ತು. "ರೊಟ್ಟಿ ಬಡಿಯಾಕ ಕುಂತಿದ್ದೆ. ಕೈ ಹಿಟ್ಟಿನ ಮ್ಯಾಲೆ ಬೀಳವಲ್ದು. ಎತ್ತಿ ಹೊಡೀತೀನಿ, ಹತ್ತಿ ಹೊಡದಂಗ ಆಗತೈತಿ. ರೊಟ್ಟಿ ದೊಡ್ಡದಾಗಲೇ ಇಲ್ಲ. ಆವಾಗ ಗೊತ್ತಾತು."

"ಗೊತ್ತಾದ್ರೂ ಬಾಗಿಲದಾಗ ಹೇಳಲಿಲ್ಲಲ್ಲ?"

"ಹೇಳಿದ್ರ ಇಳಿಸಂತಿದ್ರಿ ಕೂಸಿನ್ನ. ಇಳಿಸಿದ್ರ ನಾ ಏಳತಿದ್ದೆ. ಆಕಿ ನೋಡತಿದ್ಲು." ಬಲೆಯ ಕಡೆ ನೋಡಿ, "ಆಕಿ ಅವ್ವನ್ನೂ ಹಿಂಗ ನೋಡ್ಯಾಳ್ರಿ, ಇಲ್ಲೇ," ಎಂದಳು. "ಕುಂತಲ್ಲೇ ನೋಡಿ ಗುಳಿಗಿ ಕೊಡತೀರಿ ಅನಕೊಂಡೆ. ಗಾಳಿಯಾಗ ಬರಾಕೂ ಭಾರ ಬೇಕಿತ್ತು. ಮನ್ಯಾಗ ಇದ್ದ ಭಾರ ಇದೊಂದ ನೋಡ್ರಿ."

ನಾನು ಪುಸ್ತಕದ ಹಳೆಯ ಹಾಳೆ ತಿರುವಿದೆ. ಎರಡು ವರ್ಷದ ಹಿಂದೆ, ಹೆರಿಗೆಯಾಗಿ ರಕ್ತ ನಿಲ್ಲದ ಹೆಂಗಸು, ಇಪ್ಪತ್ತನಾಲ್ಕು ವಯಸ್ಸು. ಹತ್ತೊಂಬತ್ತು ಅಡಿ ಸೊನ್ನೆ ಇಂಚು. ಮುಂದಿನ ಸಾಲಿನಲ್ಲಿ 'ಜಮಖಾನ' ಎಂದಷ್ಟೇ ಇತ್ತು. ನನ್ನದೇ ಅಕ್ಷರ. ಅಂಕಿ ನೆನಪಿತ್ತು, ಮುಖ ಮರೆತಿದ್ದೆ. ಜೊತೆಗೆ ಬಂದವರು ಎಂಬ ಸಾಲಿನಲ್ಲಿ ದ್ಯಾಮವ್ವನ ಹೆಸರಿತ್ತು, ಮೂರು ವರ್ಷದ ಮಗುವಿನದು ಇರಲಿಲ್ಲ.

ರಕ್ತದ ಹೆಪ್ಪು ಕರಗಿಸುವ ಔಷಧಿ ಹನಿಹನಿಯಾಗಿ ಇಳಿಯಲು ಶುರುವಾದದ್ದು ಹನ್ನೆರಡು ಇಪ್ಪತ್ತೈದಕ್ಕೆ. ಒಂದು ಗಂಟೆ ಹಿಡಿಯುತ್ತದೆ. ಇಳಿದು ಬಂದ ಡಾಕ್ಟರಿಗೆ ನಾನು, "ನಲವತ್ತೈದು ನಿಮಿಷ ನನ್ನಿಂದ ಹೋಯ್ತು ಮೇಡಂ," ಎಂದೆ.

"ಹೌದು, ಹೋಯ್ತು," ಎಂದರು. "ಮೊದಲು ತಪ್ಪು ಬರಕೋ, ಆಮ್ಯಾಲೆ ಅಳು. ಹತ್ತು ನಿಮಿಷಕ್ಕೊಮ್ಮೆ ಎತ್ತರ ಓದು. ಇಳೀಲಿಕ್ಕೆ ಹತ್ತಿದ್ರ ಔಷಧಿ ಕೆಲಸ ಮಾಡೈತಿ ಅಂತ ಅರ್ಥ. ಏರಿದ್ರ ನನ್ನ ಕರಿ, ನಾ ಯಾರ ಹತ್ರ ಇದ್ರೂ ಕರಿ."

ಕಸ್ತೂರಿಯ ಹೆಸರಿನ ಸಾಲಿಗೆ ಗೆರೆ ಹೊಡೆದು, ಪಕ್ಕದಲ್ಲಿ ಬರೆದೆ: ಮಗುವನ್ನು ಎತ್ತಿಕೊಂಡವರನ್ನು ಅಳೆಯಲಿಲ್ಲ. ತಪ್ಪು ಓದಿದವರ ಸಹಿ ಎಂದು ನನ್ನ ಹೆಸರು ಹಾಕಿದೆ.

ಅಷ್ಟರಲ್ಲಿ ಕಸ್ತೂರಿ ಬಚ್ಚಲಿನಿಂದ ಬಂದು, ಖಾಲಿ ಬೆಂಚು ನೋಡಿ, ಯಾರೂ ಹೇಳದೆಯೇ ಕತ್ತೆತ್ತಿ ಮೇಲೆ ನೋಡಿದ್ದಳು. ಅಳಲಿಲ್ಲ. ದ್ಯಾಮವ್ವನ ಕಣಕಾಲಿಗೆ ಎಸ್ತೇರಮ್ಮ ಕಾಲ್ದಾರ ಕಟ್ಟಿದ್ದರು. ಅದೊಂದು ನೂಲಿನ ಲಾಡಿ. ಒಂದು ತುದಿ ರೋಗಿಯ ಕಾಲಿಗೆ, ಇನ್ನೊಂದು ನೆಲದ ಕೊಂಡಿಗೆ, ನಡುವೆ ಇಪ್ಪತ್ತೈದು ಅಡಿ ಸಡಿಲ. ರೋಗಿ ತೇಲಿ ಬೇರೆ ಮೂಲೆಗೆ ಹೋಗಬಾರದೆಂದು ಮಾತ್ರ ಅದು, ಎಳೆಯುವುದಕ್ಕಲ್ಲ. ಹುಡುಗಿ ಆ ಕೊಂಡಿಯ ಪಕ್ಕ ಚಕ್ಕಳಮಕ್ಕಳ ಹಾಕಿ ಕುಳಿತಳು. ಫ್ರಾಕು ಮೊಣಕಾಲಿನ ಮೇಲೆ ಹರಡಿಕೊಂಡಳು. ರಾಚಪ್ಪ ತನ್ನ ಚೇಳು ಮರೆತು, "ಬಾರವ್ವಾ, ಇಲ್ಲಿ ಕುಂಡ್ರು," ಎಂದು ಕರೆದರೂ ಹೋಗಲಿಲ್ಲ.

ಹನ್ನೆರಡೂ ನಲವತ್ತಕ್ಕೆ ಓದಿದೆ: ಹದಿನಾರು ಅಡಿ ಹತ್ತು ಇಂಚು. ನಾಲ್ಕು ಇಂಚು ಇಳಿದಿದ್ದಳು. ಎಸ್ತೇರಮ್ಮ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡರು. ಹನ್ನೆರಡೂ ಐವತ್ತಕ್ಕೆ ಹದಿನಾರು ಅಡಿ ಆರು ಇಂಚು. ಒಂದಕ್ಕೆ ಹದಿನಾರು ಅಡಿ ಎರಡು ಇಂಚು. "ಇಳ್ಯಾಕತ್ತಾಳ," ಎಂದು ಬೆಂಚಿನಿಂದ ಬೆಂಚಿಗೆ ಸುದ್ದಿ ಹೋಯಿತು. ಜಮಖಾನದ ಹತ್ತಿರ ನಿಂತಿದ್ದ ಇಬ್ಬರು ಚಹಾಕ್ಕೆ ಹೋದರು. ಡಾಕ್ಟರು ನನ್ನ ಪುಸ್ತಕ ನೋಡಿ, ತಲೆಯಾಡಿಸಿ, ಏಣಿಯನ್ನು ಇಸ್ತ್ರಿ ಅಂಗಡಿಯವನ ಕಡೆಗೆ ಸರಿಸಿಕೊಂಡರು. ಅವನು ಹತ್ತು ಅಡಿಗೆ ಏರಿದ್ದ. ಮೇಲೆ ದ್ಯಾಮವ್ವ ಕಣ್ಣು ಮುಚ್ಚಿದ್ದಳು. ಹತ್ತಿಯ ಒಂದು ಎಳೆ ಅವಳ ಕೆನ್ನೆಗೆ ಕೂತಿತ್ತು, ಉಸಿರಿಗೆ ಅಲುಗುತ್ತಿತ್ತು. ಬಿಸಿಲು ಗೋಡೆಯಿಂದ ನೆಲಕ್ಕೆ ಇಳಿಯುವ ಆ ಹೊತ್ತಿನಲ್ಲಿ ಗೋದಾಮು ನೀರಿನೊಳಗೆ ಇದ್ದ ಹಾಗೆ ಇತ್ತು. ಎಲ್ಲರೂ ಮೆಲ್ಲಗೆ ನಡೆಯುತ್ತಿದ್ದರು, ಮೆಲ್ಲಗೆ ಮಾತಾಡುತ್ತಿದ್ದರು. ಒಂದು ಹತ್ತಕ್ಕೆ ಓದಿದೆ: ಹದಿನೈದು ಅಡಿ ಹತ್ತು ಇಂಚು.

ಬರೆಯಲು ಹೋದ ಕೈ ನಿಂತಿತು. ನಾಲ್ಕು, ನಾಲ್ಕು, ನಾಲ್ಕು, ನಾಲ್ಕು.

ಪತ್ರಿಕೆಯಲ್ಲಿದ್ದಾಗ ತಾಲ್ಲೂಕು ಕಚೇರಿಯಿಂದ ಮಳೆಯ ಅಂಕಿ ಬರುತ್ತಿತ್ತು. ಒಂದು ವರ್ಷ ಪ್ರತಿ ವಾರವೂ ಒಂದೇ ಅಳತೆಯ ಏರಿಕೆ ಬಂತು. ವಿಚಾರಿಸಿದರೆ ಮಳೆ ಅಳೆಯುವ ಪಾತ್ರೆ ಕಳೆದುಹೋಗಿ ಐದು ತಿಂಗಳಾಗಿತ್ತು. ಹನ್ನೊಂದು ವರ್ಷದಲ್ಲಿ ನಾನು ನೋಡಿದ ಯಾವ ಮೈಯೂ ಇಷ್ಟು ಅಚ್ಚುಕಟ್ಟಾಗಿ ಇಳಿದಿರಲಿಲ್ಲ. ಮೈ ಇಳಿಯುತ್ತದೆ, ನಿಲ್ಲುತ್ತದೆ, ಒಂದಿಷ್ಟು ಏರುತ್ತದೆ, ಏನೋ ಯೋಚಿಸಿದ ಹಾಗೆ ತೂಗುತ್ತದೆ, ಆಮೇಲೆ ಒಂದು ಗೇಣು ಇಳಿಯುತ್ತದೆ.

ಕಾಲ್ದಾರ ನೋಡಿದೆ. ಅದು ಸಡಿಲವಾಗಿ ತೂಗುತ್ತಿರಬೇಕಿತ್ತು. ದ್ಯಾಮವ್ವನ ಕಣಕಾಲಿನಿಂದ ಕೆಳಗಿನವರೆಗೆ ಗೆರೆ ಎಳೆದ ಹಾಗೆ ಬಿಗಿದಿತ್ತು. ಗೆರೆ ಮುಗಿದದ್ದು ಕೊಂಡಿಯಲ್ಲಲ್ಲ, ಕಸ್ತೂರಿಯ ಫ್ರಾಕಿನ ಕೆಳಗೆ.

ಪಕ್ಕದಲ್ಲಿ ಕುಳಿತೆ. ಅವಳು ಫ್ರಾಕಿನ ಅಂಚು ಒತ್ತಿ ಹಿಡಿದಳು. "ತೋರ್ಸು," ಎಂದೆ. ತೋರಿಸಲಿಲ್ಲ. ನಾನೇ ಸರಿಸಿದೆ. ಉಳಿದ ಲಾಡಿಯೆಲ್ಲ ಸುರುಳಿಯಾಗಿ ಮಡಿಲಲ್ಲಿತ್ತು, ಬಿಗಿದ ತುದಿಯನ್ನು ಎರಡು ಬೆರಳಿಗೆ ಸುತ್ತಿಕೊಂಡಿದ್ದಳು. ಬೆರಳುಗಳು ನೇರಳೆ ಬಣ್ಣಕ್ಕೆ ತಿರುಗಿದ್ದವು.

"ಯಾವಾಗಿಂದ ಸುತ್ತಾಕತ್ತಿ?"

"ನೀ ಓದೂಕಿಂತ ಮದ್ಲ ಒಂದ್ ಸುತ್ತು." ಪಿಸುಗುಟ್ಟಿದಳು. "ನೀ ಕೋಲು ಹಿಡಕೊಂಡು ಎದ್ದಕೂಡ್ಲೇ."

"ಯಾಕ?"

"ಕಮ್ಮಿ ಆದ್ರ ಎಲ್ಲಾರೂ ನಗತಾರ."

ಎಸ್ತೇರಮ್ಮನಿಗೆ ಸನ್ನೆ ಮಾಡಿದೆ. ಅವರು ಡಾಕ್ಟರ ಕಡೆ ಓಡಿದರು. ನಾನೇ ಲಾಡಿ ಬಿಚ್ಚಿ ಬಿಡಬಹುದಿತ್ತು, ಎರಡು ಕ್ಷಣದ ಕೆಲಸ. ಆದರೆ ಹುಡುಗಿ ಇನ್ನೊಂದು ಕೈಯಿಂದ ಮುಷ್ಟಿಯನ್ನು ಮುಚ್ಚಿಕೊಂಡಿದ್ದಳು, ಕಿತ್ತರೆ ಬೆರಳು ಮುರಿಯುವ ಹಾಗೆ.

"ಕಸ್ತೂರಿ, ಬಿಡಬೇಕವ್ವಾ."

"ಬಿಟ್ರ ಹೋಗತಾಳ."

"ಬಿಡದಿದ್ರ ಅಕಿ ಎಲ್ಲಿ ಅದಾಳ ಅಂತ ನಮಗ ಗೊತ್ತಾಗಂಗಿಲ್ಲ. ಗೊತ್ತಾಗದಿದ್ರ ಔಷಧಿ ಹ್ಯಾಂಗ ಕೊಡೂದು?"

"ಅಲ್ಲೇ ಅದಾಳಲ್ಲ. ಕಾಣತಾಳ."

ನಾನು ನಿಜವನ್ನೇ ಹೇಳಿದೆ. "ನಾ ಮುಂಜಾನಿ ತಪ್ಪು ಬರದೆ. ನಿನ್ನ ಅಳದೆ, ನಿಮ್ಮಜ್ಜಿನ್ನ ಬಿಟ್ಟೆ. ಆ ತಪ್ಪಿಂದ ಅಕಿಗೆ ತ್ರಾಸ ಜಾಸ್ತಿ ಆತು. ಈಗ ಇನ್ನೊಂದು ತಪ್ಪು ಬರದ್ರ ನಾ ಬರಿಯೂದ ಬಿಡಬೇಕಾಗತೈತಿ."

ಹುಡುಗಿ ನನ್ನನ್ನು ನೋಡಿದಳು. "ನೀ ದೊಡ್ಡಾಕಿ. ತಪ್ಪು ಹ್ಯಾಂಗ ಬರದಿ?"

"ಅವಸರ ಮಾಡಿದೆ."

ಮೇಲಿನಿಂದ ಧ್ವನಿ ಬಂತು. ದ್ಯಾಮವ್ವ ಕಣ್ಣು ತೆರೆದಿರಲಿಲ್ಲ. "ಕಸ್ತೂರವ್ವಾ. ಬಿಡ ನನ್ನ ಕಾಲು."

"ನಾ ಬಿಡೂದಿಲ್ಲ."

"ಕಾಲು ಜೋಮು ಹಿಡಿದೈತಬೇ. ಬಿಡು. ಹೋಗೂದಿದ್ರ ನಿನ್ನ ಕೇಳೇ ಹೋಗತೀನಿ."

ಹುಡುಗಿ ಮೊದಲು ಮೇಲಿನ ಕೈ ತೆಗೆದಳು. ಆಮೇಲೆ ಬೆರಳನ್ನು ಒಂದೊಂದು ಸುತ್ತು ಬಿಚ್ಚಿದಳು. ಲಾಡಿ ಅವಳ ಅಂಗೈಯಿಂದ ಹಾವಿನ ಹಾಗೆ ಹರಿದು ಹೋಯಿತು. ದ್ಯಾಮವ್ವ ಏರಿದಳು. ಹದಿನಾರು ದಾಟಿದಳು, ಹದಿನೇಳು ದಾಟಿದಳು. ರಾಚಪ್ಪ ಬೆಂಚು ಬಿಟ್ಟು ಎದ್ದು, ಊದಿದ ಕೈಯಲ್ಲೇ ಜಮಖಾನದ ಒಂದು ಮೂಲೆ ಹಿಡಿದ. ಹದಿನೇಳು ಅಡಿ ಒಂಬತ್ತು ಇಂಚಿಗೆ ನಿಂತಳು. ಬಲೆ ಹತ್ತಿರವಿತ್ತು, ಅವಳ ಕೂದಲಿನ ಎಳೆ ಅದಕ್ಕೆ ತಾಗುತ್ತಿತ್ತು. ಎರಡು ಸಲ ಓದಿ ಬರೆದೆ. ಹಿಂದೆ ಬರೆದಿದ್ದ ಮೂರು ಅಂಕಿಗಳಿಗೆ ಗೆರೆ ಹೊಡೆದೆ.

ಡಾಕ್ಟರು ಏಣಿಯ ತುದಿಯಲ್ಲಿದ್ದರು. "ಬಿಪಿ ಬಿದ್ದೈತಿ," ಎಂದರು, ಯಾರಿಗೂ ಅಲ್ಲ, ತಮಗೇ. ಕರಗಿಸುವ ಔಷಧಿಯಿಂದಲೇ ಕೆಲವರಿಗೆ ಹಾಗಾಗುತ್ತದಂತೆ. ಹನಿಯನ್ನು ನಿಧಾನ ಮಾಡಿದರು, ಬೇರೆ ಚೀಲದ ಸಲೈನನ್ನು ಬೇಗ ಬಿಟ್ಟರು. ರಾಟೆಗೆ ತೂಗಿದ ಚೀಲ ಬಲೆಗೆ ತಾಗಿ ಇನ್ನು ಮೇಲೇರದೆ ಹೋದಾಗ ಎಸ್ತೇರಮ್ಮ ಬಿಪಿ ನೋಡುವ ಪಟ್ಟಿಯನ್ನು ಅದಕ್ಕೆ ಸುತ್ತಿ ಗಾಳಿ ತುಂಬಿ ಒತ್ತಿದರು. ದ್ಯಾಮವ್ವನ ಕಾಲನ್ನು ತಲೆಗಿಂತ ಮೇಲೆ ಎತ್ತಿ ಹಿಡಿಯಬೇಕಿತ್ತು. ಗಾಳಿಯಲ್ಲಿ ಅದು ಸುಲಭ, ಒಂದು ಬೆರಳು ಸಾಕಾಯಿತು. ಅಷ್ಟೂ ಹೊತ್ತು ಕಸ್ತೂರಿ ನನ್ನ ಪಕ್ಕದಲ್ಲೇ ನಿಂತಿದ್ದಳು. ತನ್ನ ಎರಡು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು.

ಒಂದು ಇಪ್ಪತ್ತಕ್ಕೆ ಹದಿನೆಂಟು ಅಡಿ ಒಂದು ಇಂಚು. ಒಂದು ಮೂವತ್ತಕ್ಕೆ ಅಷ್ಟೇ. ಒಂದು ನಲವತ್ತಕ್ಕೆ ಹದಿನೇಳು ಅಡಿ ಹನ್ನೊಂದು. ಆಮೇಲೆ ಒಮ್ಮೆ ಎರಡು ಇಂಚು ಏರಿದಳು. ಎರಡು ಗಂಟೆಗೆ ಓದಿದಾಗ ಹದಿನಾರು ಅಡಿ ಏಳು ಇಂಚು; ನಂಬದೆ ಮೂರು ಸಲ ಓದಿದೆ, ಲಾಡಿಯ ಉದ್ದಕ್ಕೂ ಕೈಯಾಡಿಸಿದೆ. ಸಡಿಲವಾಗಿಯೇ ಇತ್ತು. ಎರಡು ಹತ್ತಕ್ಕೆ ಮತ್ತೆ ಮೂರು ಇಂಚು ಮೇಲೆ. ಡಾಕ್ಟರು ಪುಸ್ತಕದ ಮೇಲೆ ಬಾಗಿ ಆ ಅಂಕುಡೊಂಕು ಅಂಕಿಗಳನ್ನು ಬೆರಳಿಟ್ಟು ಓದಿದರು. "ಇದು ಮನುಷ್ಯರ ಮೈ," ಎಂದರು. ಅವರ ಮುಖ ಮೊದಲ ಸಲ ಸಡಿಲಾಯಿತು.

ರಾಚಪ್ಪನಿಗೆ ಮನೆಗೆ ಹೋಗಬಹುದು ಎಂದರೂ ಹೋಗಲಿಲ್ಲ. "ನಂದೂ ನೋಯಾಕತ್ತೈತಿ ಇನ್ನಾ," ಎಂದು ಜಮಖಾನದ ಪಕ್ಕದಲ್ಲೇ ಕುಳಿತ.

ಮೂರು ಗಂಟೆಗೆ ಕಸ್ತೂರಿ ಕೇಳಿದಳು, "ಈಗ ಎಷ್ಟು?"

"ಹನ್ನೊಂದು ಅಡಿ ನಾಕು ಇಂಚು."

"ಅಂದ್ರ ಎಷ್ಟು?"

ಅವಳನ್ನು ಗೋಡೆಯ ಮೇಲಿನ ಅಳತೆಪಟ್ಟಿಗೆ ನಿಲ್ಲಿಸಿದೆ. ಹಿಮ್ಮಡಿ ಗೋಡೆಗೆ, ತಲೆ ನೇರ. ಮೂರು ಅಡಿ ಐದು ಇಂಚು. "ನಿನ್ನಂಥಾಕಿ ಮೂರು ಮಂದಿ ಒಬ್ಬರ ತಲಿ ಮ್ಯಾಲ ಒಬ್ಬರು ನಿಂತ್ರ, ಅದರ ಮ್ಯಾಲ ಒಂದೂವರಿ ಗೇಣು," ಎಂದೆ. ಅವಳು ಅದನ್ನು ಯೋಚಿಸಿ, ಒಪ್ಪಿಕೊಂಡಳು. ಅಲ್ಲಿಂದ ಮುಂದೆ ನಾನು ಅಡಿ, ಇಂಚು ಓದಿದ ಕೂಡಲೇ ಅವಳಿಗಾಗಿ ಇನ್ನೊಂದು ಸಲ ಅವಳ ಲೆಕ್ಕದಲ್ಲಿ ಹೇಳಬೇಕಾಯಿತು. ಬೆಂಚಿನವರಿಗೂ ಅದೇ ರೂಢಿಯಾಯಿತು. "ಎರಡೂವರಿ ಕಸ್ತೂರಿ," ಎಂದು ರಾಚಪ್ಪ ಚಹಾ ತಂದವರಿಗೆ ಸುದ್ದಿ ಹೇಳಿದ. ಆಮೇಲೆ ಎರಡು. ಆಮೇಲೆ ಅರ್ಧ ಗಂಟೆ ಎರಡಕ್ಕೇ ನಿಂತು, ಹುಡುಗಿ ಉಗುರು ಕಚ್ಚಿದಳು. ದ್ಯಾಮವ್ವ ಕಣ್ಣು ತೆರೆದು, ಹೊರಗೆ ಯಾರಾದರೂ ಖಾನಾವಳಿಗೆ ಹೇಳಿಕಳಿಸಿದ್ದಾರೆಯೇ, ನಾದಿದ ಹಿಟ್ಟು ಹಾಗೇ ಬಿಟ್ಟು ಬಂದಿದ್ದೇನೆ ಎಂದು ಕೇಳಿದಳು. ಅವಳ ಮಾತು ಈಗ ತಡವಾಗಿ ಬರುತ್ತಿರಲಿಲ್ಲ.

ಐದಕ್ಕೆ ಹತ್ತು ನಿಮಿಷ ಇರುವಾಗ ಕಸ್ತೂರಿ ಅಜ್ಜಿಯ ಕೆಳಗೆ ಹೋಗಿ ನಿಂತಳು. ದ್ಯಾಮವ್ವನ ಬಲಗಾಲು ಅವಳ ತಲೆಯ ಮೇಲೆ, ಕೂದಲಿಗೆ ತಾಗಿತೋ ಇಲ್ಲವೋ ಎಂಬಷ್ಟರಲ್ಲಿ ತೂಗುತ್ತಿತ್ತು. ಹುಡುಗಿ ಉಸಿರು ಹಿಡಿದು ಅಲುಗದೆ ನಿಂತಿದ್ದಳು, ಕೈ ಇನ್ನೂ ಬೆನ್ನ ಹಿಂದೆ. "ಅಳತಿ ಅಕ್ಕಾ, ಈಗ ಹಿಡಕೊಳ್ಳಲೇನು?"

"ತಡಿ," ಎಂದೆ.

ಮೂರು ಅಡಿ ಐದೂವರೆ ಇಂಚು. ಎರಡು ಸಲ ಗಟ್ಟಿಯಾಗಿ ಓದಿದೆ. ಪೆನ್ನಿನ ಮಸಿ ಆರುವ ತನಕ ಕಾದೆ.

"ಹೂಂ, ಹಿಡಕೋ," ಎಂದೆ.